ಹಸಿದ ಆಳು, ಚರ್ಮದ ಮುಖವಾಡ: ಅನಿಮೇಟರ್‌ಗಳಿಗೆ ಒಂದು ಪ್ರಕರಣ ಅಧ್ಯಯನ

ಅನಿಮೇಶನ್‌ನಲ್ಲಿ ಪಾತ್ರಕ್ಕೆ ನಟನೆ ಮಾಡಿಸಲು ಕೂತವರು ಮೊದಲು ಕೈ ಹಾಕುವುದು ಮುಖಕ್ಕೆ. ಹುಬ್ಬು ಎತ್ತುತ್ತಾರೆ, ಕಣ್ಣು ಅಗಲ ಮಾಡುತ್ತಾರೆ, ತುಟಿಯ ಮೂಲೆ ಎಳೆಯುತ್ತಾರೆ. ಮೈ ಮಾತ್ರ ಸುಮ್ನೆ ನಿಂತಿರುತ್ತದೆ. ಶಾಟ್ ನೋಡಿದವರಿಗೆ ಪಾತ್ರಕ್ಕೆ ಸಿಟ್ಟು ಬಂದಿದೆ, ಖುಷಿಯಾಗಿದೆ ಅನ್ನುವಷ್ಟು ಗೊತ್ತಾಗುತ್ತದೆ. ಆದರೆ ಅದು ಈಗ ಏನು ಯೋಚಿಸುತ್ತಿದೆ, ಮುಂದೇನು ಮಾಡಬೇಕು ಅಂತ ಹೇಗೆ ಲೆಕ್ಕ ಹಾಕುತ್ತಿದೆ ಅನ್ನುವುದು ಕಾಣುವುದಿಲ್ಲ.

ಹಾಗಾದರೆ ಮುಖವನ್ನೇ ಮುಚ್ಚಿಬಿಟ್ಟರೆ? ಇಟಲಿಯ ನಟರು 16ನೇ ಶತಮಾನದಿಂದ ಇದನ್ನೇ ಮಾಡಿದರು. ಕಾಮೆದಿಯಾ ದೆಲ್ಲಾರ್ತೆ ಅನ್ನುವ ಆ ಆಶು ಹಾಸ್ಯನಾಟಕದ ಬಗ್ಗೆ ಅನಿಮೇಶನ್ ತರಗತಿಗಳಲ್ಲಿ ಹೇಳುವಾಗ ಸಾಮಾನ್ಯವಾಗಿ ಪಾತ್ರಗಳ ಒಂದು ಪಟ್ಟಿ ಕೊಟ್ಟು ಮುಗಿಸುತ್ತಾರೆ. ಜಿಪುಣ ವ್ಯಾಪಾರಿ, ಬಡಾಯಿ ಸೈನಿಕ, ಹಸಿದ ಆಳು, ಮುಗಿಯಿತು. ಅದರಿಂದ ಜಾಸ್ತಿ ಏನೂ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಒಂದೇ ನಾಟಕ, ಒಂದೇ ಪಾತ್ರ, ಆ ಪಾತ್ರದ ಎರಡು ದೃಶ್ಯಗಳನ್ನು ಹಿಡಿದುಕೊಂಡು ಕೂತಿದ್ದೇನೆ. ನಾಟಕ 18ನೇ ಶತಮಾನದ ಇಟಲಿಯ ನಾಟಕಕಾರ ಕಾರ್ಲೊ ಗೋಲ್ಡೋನಿಯ ‘ಇಬ್ಬರು ಯಜಮಾನರ ಆಳು’. ಪಾತ್ರ ಆ ಹಸಿದ ಆಳು, ಆರ್ಲೆಕ್ಕೀನೊ. ರಂಗ ಮಿಲಾನ್ ನಗರದ ಪಿಕ್ಕೊಲೊ ತೆಯಾತ್ರೊ, 1947ರಿಂದ ಈಚೆಗೆ.

ಹಿನ್ನೆಲೆ

ಈ ನಾಟಕ ಪದ್ಧತಿ ಹೊಟ್ಟೆಪಾಡಿನಿಂದ ಹುಟ್ಟಿದ್ದು. ಇಂಥ ವೃತ್ತಿ ತಂಡಗಳ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಕರಾರು ಪತ್ರ 1545ರ ಫೆಬ್ರುವರಿ 25ರದ್ದು, ಪಾದುವಾ ಊರಿನದ್ದು. ಎಂಟು ಜನ ಗಂಡಸರು ಸೇರಿ ಊರೂರು ತಿರುಗಿ ನಾಟಕ ಆಡುವುದು, ಬಂದ ದುಡ್ಡು ಒಂದೇ ಪೆಟ್ಟಿಗೆಗೆ ಹಾಕುವುದು, ಯಾರಾದರೂ ಕಾಯಿಲೆ ಬಿದ್ದರೆ ಅದರಿಂದಲೇ ನೋಡಿಕೊಳ್ಳುವುದು, ಸಾಮಾನು ಹೊರಲು ಒಂದು ಕುದುರೆ ಕೊಳ್ಳುವುದು ಅಂತ ಬರೆದುಕೊಂಡಿದ್ದಾರೆ. ನನಗೆ ಈ ಪತ್ರ ತುಂಬಾ ಇಷ್ಟ. ಕಲೆಯ ಬಗ್ಗೆ ದೊಡ್ಡ ಮಾತು ಒಂದೂ ಇಲ್ಲ, ಕುದುರೆ ಬಗ್ಗೆ ಇದೆ.

ಇವರ ಬಳಿ ಪೂರ್ತಿ ಬರೆದ ನಾಟಕ ಇರುತ್ತಿರಲಿಲ್ಲ. ಯಾರು ಯಾವಾಗ ಬರಬೇಕು, ಏನಾಗಬೇಕು, ಯಾರು ಯಾರಿಗೆ ಮೋಸ ಮಾಡುತ್ತಾರೆ ಅನ್ನುವಷ್ಟು ಮಾತ್ರ ಇರುವ ಕಥೆಯ ಹಂದರ ಇರುತ್ತಿತ್ತು. ಫ್ಲಾಮಿನಿಯೊ ಸ್ಕಾಲ ಅನ್ನುವ ನಟ 1611ರಲ್ಲಿ ಇಂಥ 50 ಹಂದರಗಳನ್ನು ಅಚ್ಚು ಹಾಕಿಸಿದ. ಮಾತು, ಜಗಳ, ನಗೆ ಎಲ್ಲವನ್ನೂ ನಟರೇ ತುಂಬಿಕೊಳ್ಳಬೇಕು. ಹಾಗಂತ ಎಲ್ಲವೂ ಆ ಕ್ಷಣಕ್ಕೆ ಹೊಳೆದದ್ದಲ್ಲ. ಒಬ್ಬ ನಟ ಬದುಕಿಡೀ ಒಂದೇ ಪಾತ್ರ ಆಡುತ್ತಿದ್ದ. ಆ ಪಾತ್ರಕ್ಕೆ ಹೊಂದುವ ಮಾತುಗಳನ್ನು ಕೂಡಿಟ್ಟುಕೊಳ್ಳುತ್ತಿದ್ದ, ನಗೆಯ ತುಣುಕುಗಳನ್ನು ಕೈಗೆ ಪಳಗಿಸಿಕೊಳ್ಳುತ್ತಿದ್ದ. ಈ ತುಣುಕಿಗೆ ಲಾಜ್ಜೊ ಅಂತ ಹೆಸರು. ನೊಣ ಹಿಡಿದು ತಿನ್ನುವುದು ಒಂದು ಲಾಜ್ಜೊ, ಏಣಿ ಹಿಡಿದು ಒದ್ದಾಡುವುದು ಇನ್ನೊಂದು.

ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಸಂಗದ ಪದ್ಯ ಬರೆದಿರುತ್ತದೆ, ಅರ್ಥ ಹೇಳುವುದು ಕಲಾವಿದನಿಗೆ ಬಿಟ್ಟದ್ದು. ಹಾಸ್ಯಗಾರನಿಗಂತೂ ಇನ್ನೂ ಜಾಸ್ತಿ ಸ್ವಾತಂತ್ರ್ಯ. ಆದರೆ ನಾವು ಕೇಳುವ ಪ್ರಶ್ನೆಗೆ ಯಕ್ಷಗಾನಕ್ಕಿಂತ ಇಟಲಿಯ ಪದ್ಧತಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಹಾಸ್ಯಗಾರನ ಮುಖಕ್ಕೆ ಬಣ್ಣ ಇರುತ್ತದೆ, ಬಣ್ಣದ ಕೆಳಗೆ ಹುಬ್ಬು, ಕೆನ್ನೆ, ಕಣ್ಣು ಎಲ್ಲ ಆಡುತ್ತಲೇ ಇರುತ್ತವೆ. ಆರ್ಲೆಕ್ಕೀನೊಗೆ ಆ ಸೌಕರ್ಯ ಇಲ್ಲ.

ನಾಟಕ ಹುಟ್ಟಿದ ರೀತಿ

1745. ಗೋಲ್ಡೋನಿ ಆಗ ಪೀಸಾದಲ್ಲಿ ವಕೀಲಿಕೆ ಮಾಡಿಕೊಂಡಿದ್ದ. ಆಂತೋನಿಯೊ ಸಾಕ್ಕಿ ಅನ್ನುವ ಆ ಕಾಲದ ದೊಡ್ಡ ಹಾಸ್ಯನಟ ತನಗೊಂದು ನಾಟಕ ಬೇಕು ಅಂತ ಕೇಳಿದ. ಸಾಕ್ಕಿ ಆಡುತ್ತಿದ್ದ ಆಳಿನ ಹೆಸರು ತ್ರುಫಾಲ್ದೀನೊ. ಆರ್ಲೆಕ್ಕೀನೊನ ಇನ್ನೊಂದು ಅವತಾರ ಅಂದುಕೊಳ್ಳಿ, ಮಿಲಾನ್ ತಂಡ ಮುಂದೆ ಅವನನ್ನು ಆರ್ಲೆಕ್ಕೀನೊ ಅಂತಲೇ ಕರೆಯಿತು. ಗೋಲ್ಡೋನಿ ಬಹುಪಾಲು ಹಂದರವನ್ನಷ್ಟೇ ಬರೆದುಕೊಟ್ಟ, ಸಾಕ್ಕಿ ತನ್ನ ಪಾತ್ರವನ್ನು ರಂಗದ ಮೇಲೆ ತಾನೇ ತುಂಬಿಕೊಂಡ. ಆಮೇಲೆ 1753ರಲ್ಲಿ ಗೋಲ್ಡೋನಿ ಪೂರ್ತಿ ನಾಟಕವನ್ನು ಸಾಲು ಸಾಲಾಗಿ ಬರೆದು ಪ್ರಕಟಿಸಿದ. ಮುನ್ನುಡಿಯಲ್ಲಿ ಒಂದು ವಿನಂತಿಯನ್ನೂ ಸೇರಿಸಿದ: ಈ ಪಾತ್ರ ಆಡುವವರು ತಮ್ಮದೇನಾದರೂ ಸೇರಿಸುವುದಾದರೆ ಕೊಳಕು ಮಾತು, ಕೊಳಕು ಲಾಜ್ಜೊ ಬೇಡ.

ಅನಿಮೇಟರ್‌ಗೆ ಇದು ತುಂಬಾ ಹತ್ತಿರದ ಸಂಗತಿ. ಅನಿಮೇಶನ್‌ನಲ್ಲಿ ಆಶು ಅನ್ನುವುದು ಎಲ್ಲಿಂದ ಬರಬೇಕು, ಒಂದು ಸೆಕೆಂಡಿಗೆ 24 ಫ್ರೇಮ್ ಕೂತು ಜೋಡಿಸುವ ಕೆಲಸ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಗೋಲ್ಡೋನಿ ಮಾಡಿದ್ದೂ ಅದನ್ನೇ. ಮೊದಲು ಒಂದು ಮೈ ಆಡಿತು, ಆಡಿದಾಗ ಸಿಕ್ಕ ಜೀವವನ್ನು ಅವನು ಆಮೇಲೆ ಕಾಗದದ ಮೇಲೆ ಕಟ್ಟಿಹಾಕಿದ. ಎದ್ದು ನಿಂತು ಕ್ಯಾಮರಾ ಮುಂದೆ ಅದೇ ದೃಶ್ಯವನ್ನು ಬೇರೆ ಬೇರೆ ರೀತಿ ಆಡಿ, ಆ ರೆಫರೆನ್ಸ್ ವಿಡಿಯೋದಿಂದ ಕೀ ಪೋಸ್ (ಚಲನೆಯ ಮುಖ್ಯ ಭಂಗಿ) ಆರಿಸುವ ಅನಿಮೇಟರ್ ಮಾಡುವುದು ಇದೇ ಕೆಲಸ. ಮೊದಲ ಸಲ ಆಡಿದ್ದನ್ನೇ ಹಿಡಿದುಕೊಂಡು ಕೂರುವವರು ಮಾತ್ರ ಸಾಕ್ಕಿಯ ಹಂತವನ್ನು ಬಿಟ್ಟು ನೇರ 1753ಕ್ಕೆ ಹಾರಿದ ಹಾಗೆ.

ಕಥೆ ಚಿಕ್ಕದಾಗಿ: ಬೆಯಾತ್ರೀಚೆ ಅನ್ನುವ ಹೆಣ್ಣು ಸತ್ತುಹೋದ ತನ್ನ ಸೋದರನ ವೇಷ ಹಾಕಿಕೊಂಡು ತೂರಿನ್‌ನಿಂದ ವೆನಿಸ್‌ಗೆ ಬರುತ್ತಾಳೆ. ಅವಳ ಪ್ರಿಯಕರ ಫ್ಲೊರಿಂದೊ ಅದೇ ಸೋದರನನ್ನು ಕೊಂದ ಆರೋಪ ಹೊತ್ತು ಅದೇ ಊರಿಗೆ ಓಡಿಬಂದಿದ್ದಾನೆ. ಇಬ್ಬರೂ ಒಂದೇ ವಸತಿಗೃಹದಲ್ಲಿ ಇಳಿದುಕೊಂಡಿದ್ದಾರೆ, ಒಬ್ಬರು ಅಲ್ಲಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ. ಇಬ್ಬರಿಗೂ ಆಳು ಒಬ್ಬನೇ. ಅವನಿಗೆ ಬೇಕಾಗಿರುವುದು ಎರಡು ಸಂಬಳ, ಅದಕ್ಕಿಂತ ಮೊದಲು ಒಂದು ಊಟ.

1947: ಮುಖವಾಡದ ತಾಪತ್ರಯ

ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷ ಆಗಿತ್ತು. ಪಾವ್ಲೊ ಗ್ರಾಸಿ, ಜೋರ್ಜೊ ಸ್ಟ್ರೇಲರ್, ನೀನಾ ವಿಂಕಿ ಸೇರಿ ಮಿಲಾನ್‌ನ ರೊವೆಲ್ಲೊ ಬೀದಿಯಲ್ಲಿ ಪಿಕ್ಕೊಲೊ ತೆಯಾತ್ರೊ ಶುರುಮಾಡಿದರು. ಅದೇ ವರ್ಷ ಜುಲೈ 24ಕ್ಕೆ ಸ್ಟ್ರೇಲರ್ ನಿರ್ದೇಶನದಲ್ಲಿ ಗೋಲ್ಡೋನಿಯ ಈ ನಾಟಕ ರಂಗಕ್ಕೆ ಬಂತು. ಆರ್ಲೆಕ್ಕೀನೊ ಆಗಿದ್ದವನು ಮಾರ್ಚೆಲ್ಲೊ ಮೊರೆತ್ತಿ.

ತೊಂದರೆ ಏನೆಂದರೆ, ಆ ಹೊತ್ತಿಗೆ ಉತ್ತರ ಇಟಲಿಯ ಮುಖವಾಡ ನಟರ ಪರಂಪರೆ ಕಡಿದುಹೋಗಿತ್ತು. ಹೀಗೆ ನಡಿ, ಹೀಗೆ ತಿರುಗು ಅಂತ ಹೇಳಿಕೊಡುವ ಗುರು ಯಾರೂ ಉಳಿದಿರಲಿಲ್ಲ. ಮುಖವಾಡ ಮಾಡುವ ಕಸುಬೂ ಹೋಗಿತ್ತು. ತಂಡದವರು ತಾವೇ ರಟ್ಟು, ಜಾಳಿಗೆ ಬಟ್ಟೆ ಅಂಟಿಸಿ ಮುಖವಾಡ ಮಾಡಿಕೊಂಡರು. ಹಾಕಿಕೊಂಡರೆ ನೋವು, ಸರಿಯಾಗಿ ಏನೂ ಕಾಣುವುದಿಲ್ಲ. ಮೊರೆತ್ತಿ ಅದನ್ನು ಬೇಡವೆಂದು ಮುಖಕ್ಕೇ ಕಪ್ಪು ಬಣ್ಣ ಬಳಿದುಕೊಂಡು ಆಡಿದ. ಅವನ ಕಷ್ಟ ಅರ್ಥವಾಗುತ್ತದೆ. ಮುಖವೇ ಇಲ್ಲದಿದ್ದರೆ ನಟ ಏನು ಮಾಡಬೇಕು?

ಇದಕ್ಕೆ ಉತ್ತರ ಹುಡುಕಿದವನು ಪಾದುವಾದ ಶಿಲ್ಪಿ ಅಮ್ಲೇತೊ ಸರ್ತೋರಿ. ಹಳೆಯ ಮುಖವಾಡಗಳನ್ನು ನೋಡಿ, ಮರದ ಅಚ್ಚು ಕೆತ್ತಿ, ಅದರ ಮೇಲೆ ಒದ್ದೆ ಚರ್ಮ ಎಳೆದು, ಬಡಿದು ಬಡಿದು ಕೂರಿಸುವ ವಿಧಾನವನ್ನು ಅವನು ಮತ್ತೆ ಕಂಡುಕೊಂಡ. ಚರ್ಮದ ಮುಖವಾಡ ಹಗುರ, ಬೆವರು ಹೀರುತ್ತದೆ, ಮುಖಕ್ಕೆ ಒಗ್ಗಿಕೊಳ್ಳುತ್ತದೆ. ಮೊರೆತ್ತಿ ನಿಧಾನವಾಗಿ ಅದಕ್ಕೆ ಒಲಿದ, ಕೊನೆಗೆ ಅದಿಲ್ಲದೆ ಆಡುವುದೇ ಕಷ್ಟ ಅನ್ನುವಷ್ಟು ಹಚ್ಚಿಕೊಂಡ.

ಆರ್ಲೆಕ್ಕೀನೊ ಮುಖವಾಡವನ್ನು ಒಮ್ಮೆ ಗಮನವಿಟ್ಟು ನೋಡಿ. ಅದು ಅರ್ಧ ಮುಖವಾಡ. ಹಣೆ, ಹುಬ್ಬು, ಮೂಗು, ಕೆನ್ನೆ ಚರ್ಮದ್ದು. ಬಾಯಿ, ಗದ್ದ ನಟನದ್ದು. ಕಣ್ಣಿನ ತೂತು ಸಣ್ಣದು, ಗುಂಡಗಿನದು. ಕಣ್ಣುಗುಡ್ಡೆ ಎಡಕ್ಕೆ ಹೋಯಿತಾ ಬಲಕ್ಕೆ ಹೋಯಿತಾ ಅಂತ ಹಿಂದಿನ ಸಾಲಿನಲ್ಲಿ ಕೂತವನಿಗೆ ಕಾಣುವುದೇ ಇಲ್ಲ. ಹಾಗಾಗಿ ನೋಡುವ ಕೆಲಸವನ್ನು ಮೂಗು ಮಾಡಬೇಕು. ಯಾವುದನ್ನು ನೋಡುತ್ತಾನೋ ಅದರ ಕಡೆಗೆ ಪೂರ್ತಿ ತಲೆ ತಿರುಗಬೇಕು. ತಲೆ ತಿರುಗಿದರೆ ಕತ್ತು, ಕತ್ತಿನ ಹಿಂದೆ ಭುಜ, ಬೆನ್ನು. ಒಂದು ನೋಟಕ್ಕೆ ಇಡೀ ಮೈ ಬರಬೇಕಾಗುತ್ತದೆ. ಇನ್ನೊಂದು ಸಂಗತಿ ಬೆಳಕಿನದು. ಅದೇ ಗಟ್ಟಿ ಚರ್ಮ ಸ್ವಲ್ಪ ಕೆಳಗೆ ಬಾಗಿದರೆ ಹುಬ್ಬಿನ ನೆರಳು ಬಿದ್ದು ಏನೋ ಸಂಚು ಮಾಡುತ್ತಿರುವ ಹಾಗೆ ಕಾಣುತ್ತದೆ, ಮೇಲೆ ಎತ್ತಿದರೆ ಬೆರಗಾದ ಹಾಗೆ. ಮುಖ ಬದಲಾಗಿಲ್ಲ, ಅದರ ಕೋನ ಬದಲಾಗಿದೆ ಅಷ್ಟೇ.

ಆಡುವಾಗ ಮುಖವಾಡವನ್ನು ಕೈಯಿಂದ ಮುಟ್ಟಬಾರದು ಅನ್ನುವುದನ್ನೂ ಈ ತಂಡ ಆಡುತ್ತಾ ಆಡುತ್ತಾ ಕಂಡುಕೊಂಡಿತು. ಕೈ ನಿಜವಾಗಿ ಚರ್ಮಕ್ಕೆ ತಾಗಿದ ಕ್ಷಣ ಅದು ಮುಖವಾಗಿ ಉಳಿಯುವುದಿಲ್ಲ, ಚರ್ಮದ ತುಂಡಾಗಿಬಿಡುತ್ತದೆ. ಕಣ್ಣೀರು ಒರೆಸಬೇಕಾದರೆ ಒರೆಸುವ ಸನ್ನೆ ಸಾಕು.

ಮೊರೆತ್ತಿ 1961ರಲ್ಲಿ ತೀರಿಕೊಂಡ. ಅದಕ್ಕೆ ಒಂದು ವರ್ಷ ಮುಂಚೆ ಅಮೆರಿಕ ಪ್ರವಾಸದಲ್ಲಿ ಅವನ ಬದಲು ಒಮ್ಮೆ ರಂಗಕ್ಕೆ ಇಳಿದಿದ್ದ ಫೆರ್ರುಚ್ಚೊ ಸೊಲೇರಿ ಪಾತ್ರವನ್ನು ವಹಿಸಿಕೊಂಡ. 1929ರಲ್ಲಿ ಹುಟ್ಟಿದ ಸೊಲೇರಿ 2018ರ ತನಕ ಆರ್ಲೆಕ್ಕೀನೊ ಆಡಿದ, 2,000ಕ್ಕೂ ಹೆಚ್ಚು ಪ್ರದರ್ಶನ. ನಾಟಕ ಮುಗಿದು ನಮಸ್ಕಾರ ಮಾಡುವಾಗ ಅವನು ಮುಖವಾಡ ತೆಗೆಯುತ್ತಿದ್ದ. ಇಷ್ಟು ಹೊತ್ತು ಹಾರಿ ಕುಣಿದವನು ಒಬ್ಬ ಮುದುಕ ಅಂತ ಜನಕ್ಕೆ ಗೊತ್ತಾಗುತ್ತಿದ್ದದ್ದು ಆಗ. ವಯಸ್ಸನ್ನು ನಾವು ಮುಖದಲ್ಲಿ ಓದುತ್ತೇವೆ ಅಂದುಕೊಂಡಿರುತ್ತೇವೆ. ಮುಖ ಸಿಗದಿದ್ದಾಗ ಮೊಣಕಾಲಿನಲ್ಲಿ, ಹೆಜ್ಜೆಯ ವೇಗದಲ್ಲಿ, ತಲೆ ಎಷ್ಟು ಚುರುಕಾಗಿ ತಿರುಗುತ್ತದೆ ಅನ್ನುವುದರಲ್ಲಿ ಓದುತ್ತೇವೆ. ಪಾತ್ರದ ವಯಸ್ಸು ತೋರಿಸಲು ಸುಕ್ಕು ಬರೆಯುತ್ತಾ ಕೂತಿರುವ ಅನಿಮೇಟರ್ ಇದನ್ನು ತಿಳಿದಿರಲೇಬೇಕು.

ಮೊದಲ ದೃಶ್ಯ: ಕಾಗದ ಮತ್ತು ರೊಟ್ಟಿ

ನಾಟಕದ ಮೊದಲ ಅಂಕದಲ್ಲಿ ಒಂದು ಪುಟ್ಟ ಘಟನೆ. ಇಬ್ಬರು ಯಜಮಾನರ ಕಾಗದಗಳೂ ಆಳಿನ ಕೈಯಲ್ಲಿ ಕಲಸಿಹೋಗಿವೆ. ಬೆಯಾತ್ರೀಚೆಯ ಕಾಗದವನ್ನು ಫ್ಲೊರಿಂದೊ ಒಡೆದುಬಿಟ್ಟಿದ್ದಾನೆ. ಈಗ ಅದನ್ನು ಯಾರಿಗೂ ಗೊತ್ತಾಗದ ಹಾಗೆ ಮತ್ತೆ ಅಂಟಿಸಿ ಅವಳಿಗೆ ಕೊಡಬೇಕು. ಅಂಟು ಇಲ್ಲ. ರೊಟ್ಟಿ ಅಗಿದರೆ ಅಂಟಾಗುತ್ತದೆ ಅಂತ ಅವನಿಗೆ ಗೊತ್ತು. ಒಂದು ಚೂರು ರೊಟ್ಟಿ ಬಾಯಿಗೆ ಹಾಕಿ ಅಗಿಯುತ್ತಾನೆ. ಬೆಳಗಿನಿಂದ ಹಸಿದ ಹೊಟ್ಟೆ. ರೊಟ್ಟಿ ಒಳಗೆ ಹೋಗಿಬಿಡುತ್ತದೆ. ಮತ್ತೆ ಹಾಕುತ್ತಾನೆ, ಮತ್ತೆ ಹೋಗುತ್ತದೆ. ಕೊನೆಗೆ ಗೋಲ್ಡೋನಿ ಬರೆದ ರಂಗಸೂಚನೆ ಹೀಗಿದೆ: ನುಂಗಬೇಕೆಂದು ಆಸೆಯಾಗುತ್ತದೆ, ತಡೆದುಕೊಳ್ಳುತ್ತಾನೆ, ತುಂಬಾ ಕಷ್ಟಪಟ್ಟು ಬಾಯಿಂದ ಹೊರಗೆ ತೆಗೆಯುತ್ತಾನೆ.

ನನ್ನ ಮಟ್ಟಿಗೆ ಪಾತ್ರ ಅನಿಮೇಶನ್ ಕಲಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ. ಒಬ್ಬನೇ ಪಾತ್ರ, ಎರಡು ವಸ್ತು, ಮಾತಿನ ಅಗತ್ಯ ಇಲ್ಲ. ಒಂದೇ ಮೈಯಲ್ಲಿ ಎರಡು ಆಸೆ: ಕೈಗೆ ರೊಟ್ಟಿ ಹೊರಗೆ ಬೇಕು, ಹೊಟ್ಟೆಗೆ ಒಳಗೆ ಬೇಕು. ಹುಬ್ಬು ಕುಣಿಸಿ ಇದನ್ನು ತೋರಿಸಲು ಆಗುವುದಿಲ್ಲ, ಯಾಕೆಂದರೆ ಹುಬ್ಬು ಚರ್ಮದ್ದು.

ಅನಿಮೇಟರ್ ಆಗಿ ಇದನ್ನು ಹೇಗೆ ಕಟ್ಟಬಹುದು ಅಂತ ನೋಡೋಣ. ರಿಗ್‌ನಲ್ಲಿ, ಅಂದರೆ ಪಾತ್ರವನ್ನು ಆಡಿಸುವ ಡಿಜಿಟಲ್ ಅಸ್ಥಿಪಂಜರದಲ್ಲಿ, ದವಡೆ ಒಂದನ್ನು ಬಿಟ್ಟು ಮುಖದ ಎಲ್ಲ ಕಂಟ್ರೋಲ್‌ಗಳನ್ನೂ ಲಾಕ್ ಮಾಡಿ. ಕಣ್ಣು ಕೂಡ ತಲೆಯ ಜೊತೆಗೇ ತಿರುಗಲಿ, ಬೇರೆಯಾಗಿ ಆಡುವುದು ಬೇಡ. ಆಮೇಲೆ ಪೋಸ್‌ಗಳಿಗೆ ಹೋಗುವ ಮೊದಲು ಯೋಚನೆಗಳನ್ನು ಬರೆದುಕೊಳ್ಳಿ. ಕಾಗದ ಒಡೆದಿದೆ. ಅಂಟು ಬೇಕು. ರೊಟ್ಟಿ ಇದೆ. ಅಗಿಯುತ್ತೇನೆ. ಅರೆ, ರುಚಿಯಾಗಿದೆ. ಅಯ್ಯೋ, ಹೋಯಿತು. ಒಂದೊಂದು ಯೋಚನೆಗೂ ಒಂದೇ ಒಂದು ತಲೆಯ ಚಲನೆ. ಕಾಗದದ ಕಡೆಗೆ ಒಂದು, ರೊಟ್ಟಿಯ ಕಡೆಗೆ ಒಂದು, ನೋಡುವವರ ಕಡೆಗೆ ಒಂದು. ಎರಡು ಯೋಚನೆ ಒಂದೇ ಚಲನೆಯಲ್ಲಿ ಬೆರೆತರೆ ಎರಡೂ ಸಾಯುತ್ತವೆ. ಮುಖವಾಡ ನಟರು ಇದನ್ನು ತುಂಬಾ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ, ಅದಕ್ಕೇ ಅವರ ಯೋಚನೆ ಕೊನೆಯ ಸಾಲಿಗೂ ತಲುಪುತ್ತದೆ.

ಮೂರು ಸಲ ಅಗಿಯುವುದೂ ಒಂದೇ ಥರ ಇರಬಾರದು. ಮೊದಲನೆಯದನ್ನು ನಾನಾದರೆ ಹೀಗೆ ಮಾಡುತ್ತೇನೆ: ಕೈ, ಕಣ್ಣು ಎಲ್ಲ ಕಾಗದದ ಮೇಲೆ, ದವಡೆ ತನ್ನ ಪಾಡಿಗೆ ತಾನು ಅಗಿಯುತ್ತಿದೆ. ನುಂಗುವುದು ಗಂಟಲಲ್ಲಿ ಎಂಟು ಫ್ರೇಮಿನ ಸಣ್ಣ ಅಲುಗಾಟ, ಅಷ್ಟೇ. ತಲೆಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಬೆರಳು ಬಾಯಿಗೆ ಹೋಗಿ ಖಾಲಿ ಇದೆ ಅಂತ ಗೊತ್ತಾದ ಮೇಲೆ ಪೂರ್ತಿ ನಿಲ್ಲಿಸಿ, ಇಪ್ಪತ್ತು ಫ್ರೇಮ್ ಆದರೂ. ನಗು ಬರುವುದು ನುಂಗಿದಾಗ ಅಲ್ಲ, ಈ ನಿಲುಗಡೆಯಲ್ಲಿ. ಎರಡನೇ ಸಲ ಅವನಿಗೆ ಅಪಾಯ ಗೊತ್ತು, ಆದ್ದರಿಂದ ಮೂಗು ಬಾಯಿಯ ಕಡೆಗೇ ಬಾಗಿರುತ್ತದೆ, ಅಗಿಯುವುದು ನಿಧಾನ, ಭುಜ ಮೇಲೆ ಬಂದಿರುತ್ತದೆ. ಆದರೂ ಹೋಗುತ್ತದೆ. ಈ ಸಲ ನಿಲುಗಡೆ ಕಡಿಮೆ ಸಾಕು, ಯಾಕೆಂದರೆ ಯೋಚನೆ ಹೊಸದಲ್ಲ. ಮೂರನೆಯದರಲ್ಲಿ ಇಡೀ ಮೈ ಯುದ್ಧಕ್ಕೆ ಇಳಿಯುತ್ತದೆ. ಒಂದು ಕೈ ಬಾಯಿಂದ ಎಳೆಯುತ್ತಿದೆ, ಕತ್ತು ಹಿಂದಕ್ಕೆ ಎಳೆಯುತ್ತಿದೆ, ಮೊಣಕಾಲು ಬಾಗುತ್ತಿದೆ. ಇದಕ್ಕೆ ಮೂರು ಸೆಕೆಂಡ್ ಕೊಟ್ಟರೂ ಜಾಸ್ತಿ ಆಗುವುದಿಲ್ಲ, ಆದರೆ ಗ್ರಾಫ್ ಎಡಿಟರ್‌ನಲ್ಲಿ (ಚಲನೆಯನ್ನು ಗೆರೆಗಳಾಗಿ ತೋರಿಸುವ ಕಿಟಕಿ) ಕೈಯ ಮತ್ತು ಕತ್ತಿನ ಕರ್ವ್ ಒಂದೇ ಸಮಯಕ್ಕೆ ಶುರುವಾಗಿ ಒಂದೇ ಸಮಯಕ್ಕೆ ಮುಗಿಯಬಾರದು, ಆಗ ಜಗಳ ಕಾಣುವುದಿಲ್ಲ, ಎರಡೂ ಒಪ್ಪಿಕೊಂಡ ಹಾಗೆ ಕಾಣುತ್ತದೆ.

ಇಲ್ಲಿ ಹಸಿವೇ ಎಲ್ಲವನ್ನೂ ನಡೆಸುತ್ತಿದೆ. ಹಸಿವನ್ನು ತೆಗೆದುಬಿಡಿ, ರೊಟ್ಟಿ ನುಂಗುವುದು ಬರೀ ಒಂದು ಚೇಷ್ಟೆ. ಬೆರ್ಗಮೊ ಬೆಟ್ಟದ ಕಡೆಯಿಂದ ಕೂಲಿ ಹುಡುಕಿಕೊಂಡು ವೆನಿಸ್‌ಗೆ ಬರುತ್ತಿದ್ದ ಬಡವರನ್ನು ನೋಡಿ ಕಟ್ಟಿದ ಪಾತ್ರ ಇದು. ಅವರ ಹಸಿವು ನಿಜವಾದದ್ದು. ಇಟಲಿಯ ನಟ, ನಾಟಕಕಾರ ದಾರಿಯೊ ಫೋ 1969ರಿಂದ ಆಡಿದ ತನ್ನ ಏಕವ್ಯಕ್ತಿ ಪ್ರಯೋಗದಲ್ಲಿ ಇಂಥ ಒಬ್ಬ ಆಳು ತನ್ನನ್ನೇ ತಾನು ತಿನ್ನುವ ಕನಸು ಕಂಡು ಕೊನೆಗೆ ಒಂದು ನೊಣ ಹಿಡಿದು ತಿನ್ನುತ್ತಾನೆ. ನಗು ಬರುತ್ತದೆ, ಜೊತೆಗೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೂ ಆಗುತ್ತದೆ. ಗ್ಯಾಗ್ ಬರೆಯುವವರು ಮೊದಲು ಕೇಳಬೇಕಾದದ್ದು ‘ಇದು ತಮಾಷೆಯಾಗಿದೆಯಾ’ ಅಂತಲ್ಲ, ‘ಇವನಿಗೆ ಏನು ಬೇಕು, ಎಷ್ಟು ಬೇಕು’ ಅಂತ.

ಎರಡನೇ ದೃಶ್ಯ: ಒಂದೇ ಹೊತ್ತಿಗೆ ಎರಡು ಊಟ

ಎರಡನೇ ಅಂಕದಲ್ಲಿ ನಾಟಕದ ಹೆಸರುವಾಸಿ ದೃಶ್ಯ ಬರುತ್ತದೆ. ಒಂದು ಕೋಣೆಯಲ್ಲಿ ಬೆಯಾತ್ರೀಚೆ ಮತ್ತು ವ್ಯಾಪಾರಿ ಪಂತಲೋನೆ, ಇನ್ನೊಂದರಲ್ಲಿ ಫ್ಲೊರಿಂದೊ. ಇಬ್ಬರಿಗೂ ಒಟ್ಟಿಗೇ ಊಟ. ಬಡಿಸುವವನು ಒಬ್ಬನೇ, ಅವನು ಇನ್ನೂ ಉಂಡಿಲ್ಲ.

ಬಡಿಸುವ ಮೊದಲೇ ಒಂದು ಅನಾಹುತ ಆಗುತ್ತದೆ. ಮೇಜಿನ ಮೇಲೆ ತಟ್ಟೆಗಳನ್ನು ಹೇಗೆ ಇಡಬೇಕು ಅಂತ ವಸತಿಗೃಹದ ಮಾಲೀಕ ಬ್ರಿಗೆಲ್ಲಾಗೆ ತೋರಿಸಲು ಆಳು ಕೈಯಲ್ಲಿದ್ದ ಕಾಗದವನ್ನು ಚೂರು ಚೂರು ಹರಿದು ನೆಲದ ಮೇಲೆ ಜೋಡಿಸುತ್ತಾನೆ. ಇದು ಸೂಪು, ಇದು ಮಾಂಸ. ಆ ಕಾಗದ 4,000 ಸ್ಕೂದಿ (ಆಗಿನ ನಾಣ್ಯ) ಬೆಲೆಯ ಹುಂಡಿ, ಅಂದರೆ ತೋರಿಸಿದರೆ ಹಣ ಸಿಗುವ ಪತ್ರ. ಪೆಟ್ಟಿಗೆಯಲ್ಲಿ ಜೋಪಾನವಾಗಿಡು ಅಂತ ಯಜಮಾನಿ ಕೊಟ್ಟದ್ದು. ಅವನಿಗೆ ಅದು ದುಡ್ಡು ಅನ್ನುವ ಅರಿವೇ ಇಲ್ಲ, ಊಟದ ನಕ್ಷೆಯೊಂದೇ ಕಾಣುತ್ತಿದೆ. ಪಾತ್ರ ಪರಿಚಯವನ್ನು ಇಷ್ಟು ಚೆನ್ನಾಗಿ ಒಂದು ಕೈಗೆಲಸದಲ್ಲಿ ಮಾಡಿಸಿದ್ದನ್ನು ನಾನು ಹೆಚ್ಚು ಕಡೆ ನೋಡಿಲ್ಲ. ಸ್ಟೋರಿಬೋರ್ಡ್ ಮಾಡುವವರು ಈ ಒಂದು ಸಂಗತಿಯನ್ನೇ ಗೋಡೆಗೆ ಅಂಟಿಸಿಕೊಳ್ಳಬಹುದು.

ಆಮೇಲೆ ಓಟ. ಸೂಪು, ಬೇಯಿಸಿದ ಮಾಂಸ, ಆಮೇಲೆ ಅವನು ಹುಟ್ಟಿದಾಗಿನಿಂದ ನೋಡಿರದ ಇಂಗ್ಲಿಷ್ ಪುಡಿಂಗ್. ಇದು ಪೊಲೆಂತಾ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ) ಇರಬಹುದಾ ಅಂತ ರುಚಿ ನೋಡುತ್ತಾನೆ. ಮಾಂಸದ ಉಂಡೆಗಳನ್ನು ಇಬ್ಬರಿಗೂ ಸಮನಾಗಿ ಹಂಚುತ್ತಾನೆ, ಒಂದು ಉಳಿಯುತ್ತದೆ, ಯಾರಿಗೂ ಬೇಜಾರಾಗಬಾರದು ಅಂತ ಅದನ್ನು ತಾನೇ ತಿನ್ನುತ್ತಾನೆ. ಸ್ಟ್ರೇಲರ್‌ನ ಪ್ರಯೋಗದಲ್ಲಿ ತಟ್ಟೆಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹಾರುತ್ತವೆ, ಪುಡಿಂಗ್ ನಡುಗುತ್ತದೆ, ಅದನ್ನು ಹಿಡಿದವನೂ ನಡುಗುತ್ತಾನೆ.

ಇಷ್ಟು ವೇಗದಲ್ಲೂ ನೋಡುವವರು ದಾರಿ ತಪ್ಪುವುದಿಲ್ಲ. ಯಾಕೆ? ಬಾಗಿಲುಗಳು ಸ್ಥಿರ. ಈ ಕಡೆ ಒಬ್ಬ ಯಜಮಾನ, ಆ ಕಡೆ ಇನ್ನೊಬ್ಬ, ಅಡುಗೆಮನೆ ಬೇರೆ ಕಡೆ. ಈ ಭೂಗೋಳ ಒಮ್ಮೆ ಮನಸ್ಸಿನಲ್ಲಿ ಕೂತ ಮೇಲೆ ಅವನು ಎಷ್ಟೇ ವೇಗವಾಗಿ ಓಡಲಿ, ತಪ್ಪು ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟರೂ ನಮಗೆ ತಕ್ಷಣ ಗೊತ್ತಾಗುತ್ತದೆ. ಅನಿಮೇಶನ್‌ನ ಎಷ್ಟೋ ಚೇಸ್ ದೃಶ್ಯಗಳು ಸೋಲುವುದು ಇಲ್ಲೇ: ಕ್ಯಾಮರಾವನ್ನು ಎಲ್ಲಿ ಬೇಕಾದರೂ ಹಾರಿಸಬಹುದು ಅನ್ನುವ ಆಸೆಗೆ ಬಿದ್ದು ಬಾಗಿಲು ಎಲ್ಲಿದೆ ಅನ್ನುವುದನ್ನೇ ಮರೆಸಿಬಿಡುತ್ತಾರೆ. ಎರಡನೆಯದು, ವೇಗದ ನಡುವೆ ನಿಲ್ಲುವ ಜಾಗ ಇವೆ. ಪುಡಿಂಗ್ ಬಂದಾಗ ಎಲ್ಲವೂ ನಿಲ್ಲುತ್ತದೆ. ಎರಡೂ ಕೋಣೆಯಿಂದ ಕೂಗುತ್ತಿದ್ದರೂ ಅವನು ಆ ಪುಡಿಂಗ್ ಜೊತೆ ಒಬ್ಬನೇ. ಅವಸರದ ನಡುವೆ ಬಂದ ಈ ನಿಧಾನ ಅವನ ಹಸಿವನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ.

ನಿಲುವು, ನಡಿಗೆ ವಿಷಯವನ್ನು ಎಲ್ಲರೂ ಹೇಳುತ್ತಾರೆ, ಬೇಗ ದಾಟುತ್ತೇನೆ. ಆರ್ಲೆಕ್ಕೀನೊ ಮೊಣಕಾಲು ಬಾಗಿಸಿ, ಬೆನ್ನು ಕಮಾನು ಮಾಡಿ, ಚಿಕ್ಕ ಚುರುಕು ಹೆಜ್ಜೆ ಇಡುತ್ತಾನೆ. ಮುದಿ ವ್ಯಾಪಾರಿ ಪಂತಲೋನೆ ಬೆನ್ನು ಬಾಗಿಸಿ ಹಣದ ಚೀಲ ಕಾಯುತ್ತಾನೆ. ಬೊಲೋನ್ಯದ ಪಂಡಿತ ದೊತ್ತೋರೆಯ ಹೊಟ್ಟೆ ಮುಂದೆ ಹೋಗುತ್ತದೆ, ಉಳಿದ ಮೈ ಹಿಂದೆ ಬರುತ್ತದೆ. ಕಪ್ಪು ಸಿಲೂಯೆಟ್ ಮಾಡಿ ಪಕ್ಕಪಕ್ಕ ಇಟ್ಟರೂ ಯಾರು ಯಾರು ಅಂತ ಹೇಳಬಹುದು.

ಅನಿಮೇಶನ್ ಇದನ್ನು ತಾನಾಗಿಯೂ ಕಂಡುಕೊಂಡಿತ್ತು

1934ರಲ್ಲಿ ಡಿಸ್ನಿ ಸ್ಟುಡಿಯೋದ ನಾರ್ಮ್ ಫರ್ಗುಸನ್ ‘ಪ್ಲೇಫುಲ್ ಪ್ಲೂಟೊ’ ಕಿರುಚಿತ್ರಕ್ಕಾಗಿ ಒಂದು ದೃಶ್ಯವನ್ನು ಅನಿಮೇಟ್ ಮಾಡಿದ. ಪ್ಲೂಟೊ ನಾಯಿಗೆ ನೊಣ ಹಿಡಿಯುವ ಅಂಟು ಕಾಗದ ಅಂಟಿಕೊಳ್ಳುತ್ತದೆ. ಮೂಗಿನಿಂದ ಬಿಡಿಸಿದರೆ ಕಾಲಿಗೆ, ಕಾಲಿನಿಂದ ಬಿಡಿಸಿದರೆ ಹಿಂಭಾಗಕ್ಕೆ. ಪ್ರತಿ ಸಲವೂ ನಾಯಿ ನಿಂತು ಯೋಚಿಸುತ್ತದೆ, ನಮ್ಮ ಕಡೆ ನೋಡುತ್ತದೆ, ಇನ್ನೊಂದು ಉಪಾಯ ಮಾಡುತ್ತದೆ. ಕಾರ್ಟೂನ್ ಪಾತ್ರವೊಂದು ಯೋಚಿಸುವುದು ಇಷ್ಟು ಸ್ಪಷ್ಟವಾಗಿ ಕಂಡದ್ದು ಇಲ್ಲಿ ಅಂತ ಅನಿಮೇಟರ್‌ಗಳು ಈ ದೃಶ್ಯವನ್ನು ಇವತ್ತಿಗೂ ಪಾಠವಾಗಿ ನೋಡುತ್ತಾರೆ. ಇದು ಇಟಲಿಯಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ಕಟ್ಟೋಣ ಅದೇ: ಒಂದು ಅಗತ್ಯ, ಒಂದು ಅಡ್ಡಿ, ಪ್ರಯತ್ನ, ಸೋಲು, ನಿಲುಗಡೆ, ಹೊಸ ಯೋಚನೆ. ರೊಟ್ಟಿ ಮತ್ತು ಕಾಗದದ ದೃಶ್ಯವನ್ನು ಇದರ ಪಕ್ಕ ಇಟ್ಟು ನೋಡಿ.

1986ರಲ್ಲಿ ಪಿಕ್ಸಾರ್‌ನ ಜಾನ್ ಲ್ಯಾಸೆಟರ್ ಮಾಡಿದ ‘ಲುಕ್ಸೊ ಜೂನಿಯರ್’ ಇನ್ನೂ ಮುಂದೆ ಹೋಯಿತು. ಎರಡು ಮೇಜಿನ ದೀಪಗಳು, ಒಂದು ಚೆಂಡು, ಸುಮಾರು ಎರಡು ನಿಮಿಷ. ಮುಖವೇ ಇಲ್ಲ. ದೀಪದ ತಲೆ ಎತ್ತ ತಿರುಗುತ್ತದೋ ಅದೇ ನೋಟ. ಮರಿ ದೀಪ ತಲೆ ಬಗ್ಗಿಸಿದರೆ ಬೇಜಾರು ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಸರ್ತೋರಿಯ ಚರ್ಮದ ಮುಖವಾಡ ಕೋನ ಬದಲಾದ ಹಾಗೆ ಭಾವ ಬದಲಿಸುವುದಕ್ಕೂ ಇದಕ್ಕೂ ವ್ಯತ್ಯಾಸ ತೀರಾ ಕಡಿಮೆ.

ಎಲ್ಲಿ ಒಗ್ಗುವುದಿಲ್ಲ

ಈ ಪದ್ಧತಿಯನ್ನು ಎಲ್ಲ ಶಾಟ್‌ಗೂ ಹಾಕಲು ಹೋದರೆ ಕೆಡುತ್ತದೆ. ಮುಖವಾಡ ದೂರದಿಂದ ನೋಡುವ ರಂಗಕ್ಕೆ ಹುಟ್ಟಿದ್ದು. ಕ್ಲೋಸಪ್‌ನಲ್ಲಿ ತಲೆಯನ್ನು ಅಷ್ಟು ಜೋರಾಗಿ ತಿರುಗಿಸಿದರೆ ಚೌಕಟ್ಟಿನಿಂದ ಆಚೆ ಹೋಗುತ್ತದೆ, ಅಲ್ಲಿ ಕಣ್ಣಿನ ಕೆಲಸ ಕಣ್ಣೇ ಮಾಡಬೇಕು. ನೋಡುವವರ ಕಡೆ ತಿರುಗುವುದೂ ಹಾಗೆಯೇ. ಆರ್ಲೆಕ್ಕೀನೊಗೆ ಜನರ ಜೊತೆ ಮಾತಾಡುವ ಸಲುಗೆ ಇದೆ, ಗಂಭೀರ ಕಥೆಯ ಪಾತ್ರಕ್ಕೆ ಇಲ್ಲ. ಅಂಥ ಕಡೆ ತಲೆಯನ್ನು ಕ್ಯಾಮರಾದತ್ತ ಮುಕ್ಕಾಲು ತಿರುಗಿಸಿ ಏನನ್ನೂ ನೋಡದ ಹಾಗೆ ನಿಲ್ಲಿಸಿದರೆ ಯೋಚನೆ ನಮಗೆ ಸಿಗುತ್ತದೆ, ಕಥೆಯ ಗೋಡೆಯೂ ಒಡೆಯುವುದಿಲ್ಲ.

ಇನ್ನೊಂದು ಸಂಗತಿ ಕಾಮೆದಿಯಾದವರೇ ಮೊದಲಿನಿಂದ ಪಾಲಿಸಿದ್ದು. ಪ್ರೇಮಿಗಳಿಗೆ ಅವರು ಮುಖವಾಡ ಹಾಕಲಿಲ್ಲ. ಬೆಯಾತ್ರೀಚೆ, ಫ್ಲೊರಿಂದೊ ಇಬ್ಬರದ್ದೂ ಬರಿ ಮುಖ. ಗೆಲೋಸಿ ತಂಡದ ಇಸಬೆಲ್ಲಾ ಆಂದ್ರೇಯಿನಿ, 1604ರಲ್ಲಿ ತೀರಿಕೊಂಡ ಆ ಮಹಾನಟಿ, ಪ್ರೇಮಿಯ ಪಾತ್ರದಲ್ಲೇ ಯುರೋಪಿಗೆಲ್ಲ ಹೆಸರಾದವಳು, ಮುಖವಾಡ ಇಲ್ಲದೆ. ಅಂದರೆ ಒಂದೇ ನಾಟಕದಲ್ಲಿ ಎರಡು ನಟನಾ ಪದ್ಧತಿ ಪಕ್ಕಪಕ್ಕ ಇರುತ್ತಿದ್ದವು. ನಿಮ್ಮ ಸರಣಿಯಲ್ಲೂ ಯಾವ ಪಾತ್ರ ಮುಖದಿಂದ ಮಾತಾಡುತ್ತದೆ, ಯಾವುದು ಮೈಯಿಂದ ಅನ್ನುವುದನ್ನು ಪಾತ್ರ ವಿನ್ಯಾಸದ ಹಂತದಲ್ಲೇ ನಿರ್ಧರಿಸಬಹುದು. ಹಾಗೆ ಮಾಡಿದರೆ ರಿಗ್ ಮಾಡುವವರ ಕೆಲಸವೂ ಉಳಿಯುತ್ತದೆ, ಮೈಯಿಂದ ಆಡುವ ಪಾತ್ರಕ್ಕೆ ಮುಖದ ನೂರಾರು ಕಂಟ್ರೋಲ್ ಬೇಕಾಗುವುದಿಲ್ಲ. ಇಬ್ಬರೂ ಒಂದೇ ಶಾಟ್‌ನಲ್ಲಿ ಬಂದಾಗ ಮಾತ್ರ ಟೈಮಿಂಗ್ ಹಂಚಬೇಕು: ಪ್ರೇಮಿಯ ಮುಖ ಆಡುತ್ತಿರುವಷ್ಟು ಹೊತ್ತು ಆಳಿನ ಮೈ ಸುಮ್ನೆ ಇರಲಿ, ಅವಳ ಮಾತು ನಿಂತ ಮೇಲೆ ಅವನ ಮೂಗು ಊಟದ ತಟ್ಟೆಯ ಕಡೆಗೆ ತಿರುಗಲಿ.